ತಟ್ಟೆಯ ನೀರು ವಾಲಿದ ಕಡೆ

ಕಾರಿನಲ್ಲಿ ಊರೂರು ಸುತ್ತಲು ಹೊರಟ ಆರನೆಯ ದಿನಕ್ಕೆ ನಮಗೆ ರಸ್ತೆ ಮುಗಿಯಿತು. ಮುಗಿಯಿತು ಎಂದರೆ ನಿಜವಾಗಿಯೂ ಮುಗಿಯಿತು; ಟಾರು ನೀರಿನೊಳಗೆ ಇಳಿದು ಕಾಣೆಯಾಗಿತ್ತು. ಎದುರಿಗೆ ಕೆರೆಯೋ ಸಮುದ್ರವೋ ಹೇಳಲಾಗದಷ್ಟು ನೀರು, ಅದರ ನಡುವೆ ನನ್ನ ಇಬ್ಬರು ಗೆಳತಿಯರಿರುವ ದ್ವೀಪ. ನಮ್ಮವರು ಕಾರನ್ನು ಹುಣಸೆಮರದ ನೆರಳಿಗೆ ನಿಲ್ಲಿಸಿ, ನಾಲ್ಕು ಬಾಗಿಲನ್ನೂ ಒಂದೊಂದಾಗಿ ಎಳೆದು ನೋಡಿ, "ಒಂದು ರಾತ್ರಿ ಅಷ್ಟೇ ಅಲ್ವಾ" ಎಂದರು. ಆರು ದಿನದಲ್ಲಿ ಅವರು ಆಡಿದ ಉದ್ದನೆಯ ಮಾತುಗಳಲ್ಲಿ ಇದೂ ಒಂದು. ಮನೆಮನೆಯ ಮೀಟರು ಓದುತ್ತ ಕೆಲಸ ಮಾಡಿದವರು ಅವರು. ಕಂಡದ್ದನ್ನು ಬರೆದುಕೊಂಡು ಮುಂದಿನ ಮನೆಗೆ ಹೋಗುವುದು ರೂಢಿ. ನನ್ನದು ಹಾಗಲ್ಲ. ಬೇರೆಯವರ ಮನೆಯ ಸಾರಿಗೆ ಏನು ಒಗ್ಗರಣೆ ಬಿತ್ತು ಎಂದು ತಿಳಿಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ದಾಕ್ಷಾಯಿಣಿ, ಮಂದಾಕಿನಿ ಮತ್ತು ನಾನು ಮೇಷ್ಟ್ರ ತರಬೇತಿಗೆಂದು ಒಂದೇ ಕೋಣೆಯಲ್ಲಿ ಎರಡು ವರ್ಷ ಇದ್ದವರು. ಅವರಿಬ್ಬರಿಗೂ ಈ ದ್ವೀಪದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೋದವರು ಅಲ್ಲೇ ನೆಲೆ ನಿಂತರು, ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳಲಿಲ್ಲ, ಮೊನ್ನೆ ಮೊನ್ನೆ ನಿವೃತ್ತರೂ ಆದರು. ಮೂವತ್ತು ವರ್ಷ ಕಾಗದದಲ್ಲೇ ನಮ್ಮ ಸ್ನೇಹ ನಡೆಯಿತು. ದಾಕ್ಷಿ ಪ್ರತಿ ಕಾಗದದ ಕೊನೆಗೂ ಬರೆಯುತ್ತಿದ್ದಳು: ಬಾ, ಆದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಬಾ, ಒಬ್ಬಳೇ ಬಂದರೆ ಇಳಿಸಿಕೊಳ್ಳುವುದಿಲ್ಲ. ತಮಾಷೆ ಎಂದುಕೊಂಡಿದ್ದೆ.

ದಡದಲ್ಲಿ ಪಡಿತರದ ಅಂಗಡಿಯಲ್ಲಿರುವಂಥ ದೊಡ್ಡ ತೂಕದ ಯಂತ್ರ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಹೆಸರು ಹೇಳಲು ಹೋದೆ. "ಹೆಸ್ರು ಆಮೇಲೆ. ಮೊದ್ಲು ಹತ್ತಿ" ಎಂದಳು. ಹತ್ತಿದೆ. "ಅರವತ್ತಾರು" ಎಂದು ಊರಿಗೆಲ್ಲ ಕೇಳುವಂತೆ ಹೇಳಿದಳು. ಮನೆಯಲ್ಲಿ ನಾನು ಅರವತ್ತೊಂದು ಎಂದು ಹೇಳಿಕೊಂಡು ಬಂದಿದ್ದೆ. ನಮ್ಮವರು ಮರದ ಕಡೆ ನೋಡಿದರು. ಅವರದು ಎಪ್ಪತ್ತು. "ನಾಲ್ಕು ಕಿಲೋ ಕಮ್ಮಿ ಬಂತು ನಿಮ್ಮದು. ಕಾರಲ್ಲಿ ಏನಾದ್ರೂ ಇದ್ರೆ ತನ್ನಿ" ಎಂದಳು. ದಾರಿಯಲ್ಲಿ ಕೊಂಡಿದ್ದ ಕಡಲೆಕಾಯಿ, ಬೆಲ್ಲ ಎರಡನ್ನೂ ಚೀಲಕ್ಕೆ ಸುರಿದು ಹಿಡಿದುಕೊಂಡೆ. ಆಮೇಲೆ ನನ್ನನ್ನು ಒಂದು ದೋಣಿಗೂ ನಮ್ಮವರನ್ನು ಇನ್ನೊಂದಕ್ಕೂ ಹತ್ತಿಸಿದಳು. ನನ್ನ ದೋಣಿ ಮೂಡಣ ದಡಕ್ಕೆ, ದಾಕ್ಷಿಯ ಮನೆಗೆ. ಅವರದು ಪಡುವಣ ದಡಕ್ಕೆ, ಮಂದಾಕಿನಿಯ ಮನೆಗೆ. ಅವರು ಮಂದಾಕಿನಿಯನ್ನು ಫೋಟೋದಲ್ಲಿ ಬಿಟ್ಟರೆ ನೋಡಿದವರೇ ಅಲ್ಲ. "ಅವ್ರ ಹತ್ರ ನಾನೇನು ಮಾತಾಡ್ಲಿ" ಎಂದು ದೋಣಿಯಿಂದ ಕೇಳಿದರು. "ನನ್ನ ಹತ್ರ ಏನು ಮಾತಾಡ್ತೀರೋ ಅದನ್ನೇ" ಎಂದೆ. ದ್ವೀಪದ ಎರಡು ಕಡೆಯಿಂದ ಸೀಟಿ ಒಟ್ಟಿಗೇ ಕೇಳಿಸಿತು. ಅವರು ಅತ್ತ, ನಾನು ಇತ್ತ, ಒಂದೇ ಗಳಿಗೆಗೆ ಕಾಲಿಟ್ಟೆವು.

ದ್ವೀಪ ಎಂದರೆ ತಕ್ಕಡಿಯ ದಂಡಿಗೆ ಎಂದುಕೊಳ್ಳಿ. ಒಂದು ಕಡೆ ಭಾರ ಹೆಚ್ಚಿದರೆ ಆ ಕಡೆಗೆ ವಾಲುತ್ತದೆ, ಅಷ್ಟೇ ವಿಷಯ. ಅದು ಯಾಕೆ ಹೀಗೆ ಎಂದು ನಾನು ಕೇಳಿದೆ. "ನಿಮ್ಮೂರು ಯಾಕೆ ವಾಲಲ್ಲ" ಎಂದು ಊರಿನವರು ತಿರುಗಿ ಕೇಳಿದರು. ಪ್ರತಿ ಮನೆಗೂ ಎದುರಿನ ದಡದಲ್ಲಿ ಅಷ್ಟೇ ತೂಕದ ಇನ್ನೊಂದು ಮನೆ ಇದೆ. ಅದಕ್ಕೆ ಸರಿಜೋಡಿ ಎನ್ನುತ್ತಾರೆ. ಪ್ರತಿ ಹೊಸ್ತಿಲ ಬದಿಗೂ ಅಗಲವಾದ ಹಿತ್ತಾಳೆಯ ತಟ್ಟೆ, ಅದರಲ್ಲಿ ನೀರು, ಒಳಗೆ ಸುತ್ತಲೂ ಕೊರೆದ ಗೀಟು. ನೀರು ಯಾವ ಕಡೆಗೆ ಗೀಟು ದಾಟಿತು ಎಂಬುದನ್ನು ನೋಡಿ ಜನ ಏಳುತ್ತಾರೆ, ಕೂರುತ್ತಾರೆ. ಒಂದು ಕಡೆಯ ಸೊಸೆ ಬಸುರಿಯಾದರೆ ಇನ್ನೊಂದು ಕಡೆಯವರು ತಿಂಗಳಿಗೊಂದು ಕುಂಬಳಕಾಯಿ ತಂದು ನಡುಮನೆಯಲ್ಲಿ ಇಡುತ್ತಾರೆ. ಈ ದಡದಲ್ಲಿ ಗಂಡನ ಮೇಲೆ ಮುನಿಸಿಕೊಂಡ ಹೆಂಡತಿ ದಡದಡನೆ ಊರ ನಡುವಿಗೆ ನಡೆದರೆ, ಆ ದಡದಲ್ಲಿ ಏನೂ ತಿಳಿಯದ ಒಬ್ಬ ಅರ್ಧ ಊಟ ಬಿಟ್ಟು ಎದ್ದು ತಾನೂ ನಡುವಿಗೆ ಹೊರಡಬೇಕು. ಬೈಯುತ್ತಲೇ ಹೊರಡುತ್ತಾನೆ, ಆದರೆ ಹೊರಡುತ್ತಾನೆ. ನೀರು ಸರಿದರೆ ಕಾಲು ತಾನಾಗಿ ಏಳುತ್ತದಂತೆ, ಅಷ್ಟು ರೂಢಿ.

ದಾಕ್ಷಿ ಮತ್ತು ಮಂದಾ ಈ ಊರಿಗೆ ಸರಿಜೋಡಿಯಾಗಿಯೇ ಬಂದವರು, ಇಬ್ಬರೂ ಆಗ ಐವತ್ತೆರಡು ಕಿಲೋ, ಆಮೇಲೂ ಅಷ್ಟರಲ್ಲೇ ಇದ್ದರು. ಮೂವತ್ತು ವರ್ಷದಲ್ಲಿ ಒಬ್ಬರ ಮನೆಗೆ ಒಬ್ಬರು ಹೋದವರಲ್ಲ, ಹೋಗುವ ಹಾಗೂ ಇಲ್ಲ. ಶಾಲೆ ಊರಿನ ನಟ್ಟನಡುವೆ ಇದೆ. ಅಲ್ಲಿ ಎಷ್ಟು ಜನ ಸೇರಿದರೂ ಭೂಮಿ ಮಿಸುಕುವುದಿಲ್ಲ. ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಬಾಗಿಲು ಹಾಕಿಕೊಂಡು, ಒಂದೇ ವೇಗದಲ್ಲಿ ನಡೆದು ಶಾಲೆಯ ಜಗಲಿಯಲ್ಲಿ ಭೇಟಿಯಾಗುವುದು, ಸಂಜೆ ಬೆನ್ನು ತಿರುಗಿಸಿ ಹೋಗುವುದು. ನಿವೃತ್ತಿಯಾದ ಮೇಲೆ ಶುಕ್ರವಾರದ ಸಂತೆಗೆ ನಡುವಿಗೆ ಬರುತ್ತಿದ್ದರು.

ದಾಕ್ಷಿ ಬಾಗಿಲಲ್ಲಿ ನಿಂತಿದ್ದಳು. ರವಿಕೆಯ ತೋಳಿನೊಳಗೆ ಕೈ ಎಲ್ಲಿದೆ ಎಂದು ಹುಡುಕಬೇಕು, ಹಾಗೆ ಬಡಕಲಾಗಿದ್ದಳು. "ಏನೇ ಇದು ದಾಕ್ಷಿ?" ಎಂದೆ. "ವಯಸ್ಸು ಕಣೇ" ಎಂದು ನಕ್ಕು ಒಳಗೆ ಕರೆದಳು. ನನಗೆ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಎಲ್ಲ ಬಡಿಸಿದಳು. ತಾನು ಒಂದು ಲೋಟ ಗಂಜಿ ಹಿಡಿದುಕೊಂಡು ಕೂತಳು, ಅದನ್ನೂ ಅರ್ಧ ಬಿಟ್ಟಳು. ತಿನ್ನುತ್ತಿದ್ದಷ್ಟು ಹೊತ್ತೂ ಅವಳ ಕಣ್ಣು ಹೊಸ್ತಿಲ ತಟ್ಟೆಯ ಮೇಲೆಯೇ. "ನೋಡು, ಈಗ ಮಂದಾ ಹಿತ್ತಿಲಿಗೆ ಹೋದ್ಲು. ಬಟ್ಟೆ ಹಾಕೋಕೆ" ಎನ್ನುವಳು. ಸ್ವಲ್ಪ ಹೊತ್ತಿಗೆ, "ಬಂದ್ಲು". ನಾನು ಬಗ್ಗಿ ನೋಡಿದರೆ ಬರೀ ನೀರು.

ಸಂಜೆ ಹೊಸ್ತಿಲಲ್ಲಿ ಕೂತಾಗ ಅವಳನ್ನು ಬಿಡಲಿಲ್ಲ. ನನ್ನ ಸ್ವಭಾವ ಅವಳಿಗೂ ಗೊತ್ತು. ಕೊನೆಗೆ, "ಮಂದಾ ಕರಗ್ತಾ ಇದ್ದಾಳೆ ಕುಮುದಾ" ಎಂದಳು. "ಶಿವರಾತ್ರಿ ಆದ್ಮೇಲಿಂದ ನೋಡ್ತಾ ಇದ್ದೀನಿ. ನೀರು ನನ್ನ ಕಡೆಗೆ ವಾಲೋಕೆ ಶುರುವಾಯ್ತು. ಸಾಮಾನು ಗೀಮಾನು ತೆಗೆದ್ರೆ ಒಂದೇ ಸಲಕ್ಕೆ ವಾಲತ್ತೆ. ಇದು ಹಾಗಲ್ಲ, ದಿನಕ್ಕಿಷ್ಟು, ದಿನಕ್ಕಿಷ್ಟು. ಹಾಗೆ ಮೆಲ್ಲಗೆ ಇಳಿಯೋದು ಮನುಷ್ಯರು ಮಾತ್ರ." ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು. "ಏನೋ ದೊಡ್ಡ ಕಾಯಿಲೇನೇ ಹಿಡಿದಿದೆ ಅವಳಿಗೆ."

"ಕೇಳಬಾರದಾ?" ಎಂದೆ.

"ಕೇಳಿದ್ರೆ ಹೇಳಿಬಿಡ್ತಾಳೆ ಕಣೇ. ಕೇಳೋವರೆಗೆ ಇದು ಬರೀ ನೀರು."

ಅವಳೇ ಮುಂದುವರಿಸಿದಳು. ಮಂದಾ ತನ್ನ ತಟ್ಟೆ ನೋಡಿಕೊಂಡು, ಇಷ್ಟು ಇಳಿದುಬಿಟ್ಟೆನಾ ಎಂದು ಎದೆಗೆಡಬಾರದು. ಅದಕ್ಕೇ ದಾಕ್ಷಿ ತಾನೂ ಇಳಿಯತೊಡಗಿದಳು. ಮೊದಲು ರಾತ್ರಿ ಊಟ ಬಿಟ್ಟಳು. ನೀರು ಸರಿಹೋಯಿತು, ಅವಳು ಇನ್ನೂ ಸ್ವಲ್ಪ ಇಳಿದಾಗ ಮಂದಾಳ ಕಡೆಗೇ ವಾಲಿತು. ಆಮೇಲೆ ಮಂದಾ ಮತ್ತೆ ಇಳಿದಳು. ದಾಕ್ಷಿ ಬೆಳಗಿನ ತಿಂಡಿ ಬಿಟ್ಟಳು. ಹೀಗೆ ಮೂರು ತಿಂಗಳು. "ಸಂತೆಗೂ ಹೋಗ್ತಿಲ್ಲ. ನನ್ನ ಕಂಡ್ರೆ ಅವಳಿಗೆ ಗೊತ್ತಾಗಿಬಿಡತ್ತೆ, ಇವಳು ನನಗೋಸ್ಕರ ಉಪವಾಸ ಬಿದ್ದಿದಾಳೆ ಅಂತ. ಮಂಡಿನೋವು ಅಂತ ಹೇಳಿಕಳಿಸ್ದೆ. ಅವಳೂ ಬರಲ್ಲ ಅಂದ್ಲು, ಸೊಂಟ ನೋವಂತೆ. ನಡೆಯೋಕೂ ತ್ರಾಣ ಇಲ್ಲ ಪಾಪ." ನಂತರ ನನ್ನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡು, ಮಂದಾ ಹತ್ತಿರವಾಗಲಿ ನಮ್ಮವರ ಹತ್ತಿರವಾಗಲಿ ಇದರ ಒಂದು ಮಾತೂ ಆಡುವುದಿಲ್ಲ ಎಂದು ಪ್ರಮಾಣ ಮಾಡಿಸಿಕೊಂಡಳು. ಕೈಯ ಕೆಳಗೆ ಬುರುಡೆಯ ಮೂಳೆ ಸಿಕ್ಕಿತು. ಪ್ರಮಾಣ ಮಾಡಿದೆ. ನನಗೆ ಅಳು ಬಂತು, ಅತ್ತೆ.

ಮಾರನೆಯ ದಿನ ಮಧ್ಯಾಹ್ನ ಮನೆ ಬದಲಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಕಡಲೆಕಾಯಿಯ ಚೀಲ ಎತ್ತಿಕೊಂಡು ನಾನು ಪಡುವಣಕ್ಕೆ, ನಮ್ಮವರು ಮೂಡಣಕ್ಕೆ. ಬೇಸಿಗೆ ರಜೆಯ ಶಾಲೆ ಖಾಲಿಯಿತ್ತು. ಜಗಲಿಯಲ್ಲಿ ಅಡುಗೆಯ ಕೆಂಚಮ್ಮ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿಕೊಂಡು ಹುರಿಗಡಲೆ ಬೀಸುತ್ತಿದ್ದಳು. ಆ ಊರಿನಲ್ಲಿ ಸರಿಜೋಡಿ ಇಲ್ಲದವಳು ಅವಳೊಬ್ಬಳೇ, ಯಾಕೆಂದರೆ ಅವಳ ವಾಸ ನಟ್ಟನಡುವೆ. ಬೇಕಾದ್ದು ತಿನ್ನಬಹುದು, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಎಪ್ಪತ್ತೆಂಟು ಕಿಲೋ ಎಂದು ತಾನಾಗಿ ಹೇಳಿಕೊಂಡಳು, ನನ್ನ ಹಾಗೆ ಮುಚ್ಚಿಡಲಿಲ್ಲ. ನಮ್ಮವರು ಬಂದರು. ಮುಖ ಬಾಡಿತ್ತು. "ಮಂದಾ ಹೇಗಿದಾಳೆ?" ಎಂದೆ. "ಚೆನ್ನಾಗಿದ್ದಾರೆ" ಎಂದು ಗಂಟೆಯ ಕಂಬ ನೋಡಿದರು. "ನಿನ್ನ ಫ್ರೆಂಡು?" "ಚೆನ್ನಾಗಿದಾಳೆ" ಎಂದು ನಾನು ಕೆಂಚಮ್ಮನ ಹಿಟ್ಟು ನೋಡಿದೆ. ಇಪ್ಪತ್ತೆಂಟು ವರ್ಷ ಬಾಳಿದ ಗಂಡಹೆಂಡತಿ ಹೀಗೆ ಒಬ್ಬರ ಮುಖ ಒಬ್ಬರು ನೋಡದೆ ಸುಳ್ಳು ಹೇಳಿಕೊಂಡು ಬೇರೆ ಬೇರೆ ದಾರಿ ಹಿಡಿದೆವು.

ಮಂದಾಕಿನಿಯ ಬಾಗಿಲು ತೆರೆದಾಗ ಒಂದು ಕ್ಷಣ ದಾಕ್ಷಿಯೇ ಅಡ್ಡದಾರಿಯಲ್ಲಿ ಬಂದು ನಿಂತಿದ್ದಾಳೆ ಎನ್ನಿಸಿತು. ಅದೇ ಕುತ್ತಿಗೆಯ ಮೂಳೆ, ಅದೇ ಜೋಲು ರವಿಕೆ. ಕಾಯಿಲೆಯೇ ನಿಜ ಎಂದುಕೊಂಡೆ. ಆದರೆ ಕಾಯಿಲೆಯವಳ ಕಣ್ಣು ಹಾಗಿರುವುದಿಲ್ಲ. ಮಂದಾಳ ಕಣ್ಣು ಚುರುಕಾಗಿ, ಹಸಿದು, ನನ್ನ ಕೈಯಲ್ಲಿದ್ದ ಬೆಲ್ಲದ ಚೀಲದ ಮೇಲೆ ನಿಂತಿತ್ತು. ಅವಳೂ ನನಗೆ ಬಡಿಸಿದಳು, ಅವಳೂ ಗಂಜಿಯ ಲೋಟ ಹಿಡಿದಳು. ಅಡುಗೆಮನೆಯ ಮೂಲೆಯಲ್ಲಿ ಒಂದು ಗೋಣಿಚೀಲ ಕಂಡಿತು. ಇದೇನೇ ಎಂದು ಕೇಳದೆ ಇರಲು ನನ್ನಿಂದಾಗಲಿಲ್ಲ. "ಮರಳು" ಎಂದಳು. "ಬೀಸೋ ಕಲ್ಲನ್ನ ಸ್ಕೂಲಿಗೆ ಕೊಟ್ಟೆ, ಕೈನೋವು ಅಂತ. ಅದರ ಬದಲಿಗೆ ಇದು. ಹನ್ನೊಂದು ಕಿಲೋ, ಅವತ್ತೇ ತೂಗಿ ಇಟ್ಟಿದ್ದು. ದಾಕ್ಷಿ ತಟ್ಟೇಲಿ ಒಂದು ಹನೀನೂ ಅಲುಗಿರಲ್ಲ." ಲೆಕ್ಕದ ಟೀಚರಲ್ಲವೇ, ಹೇಳುವಾಗ ಸ್ವಲ್ಪ ಜಂಬವೂ ಇತ್ತು.

ನಂತರ ಲೋಟ ಕೆಳಗಿಟ್ಟು, "ದಾಕ್ಷಿ ಹೇಗಿದಾಳೆ? ಬೇಡ, ಹೇಳಬೇಡ" ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ನಂಗೊತ್ತು. ಕರಗ್ತಾ ಇದ್ದಾಳೆ ಅವಳು. ಯುಗಾದಿ ಹೊತ್ತಿಂದ ನೀರು ನನ್ನ ಕಡೆಗೇ ಬರ್ತಾ ಇದೆ. ಅವಳಿಗೆ ಗೊತ್ತಾಗಬಾರದು ಅಂತ ನಾನೂ ಊಟ ಕಮ್ಮಿ ಮಾಡಿದೀನಿ. ಭಾವನ ಹತ್ರ ಆಣೆ ಹಾಕಿಸಿಕೊಂಡಿದೀನಿ, ನೀನೂ ಹಾಕು."

ನನಗೆ ನಗು ಬಂತು, ಸಿಟ್ಟೂ ಬಂತು, ಎರಡರಲ್ಲಿ ಯಾವುದು ಮೊದಲು ಎಂದು ಗೊತ್ತಾಗದೆ ಕೆಮ್ಮಿದೆ. ತಟ್ಟೆ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ, ಯಾರು ಇಳಿದರು ಎಂದು ಹೇಳುವುದಿಲ್ಲ. ಇಬ್ಬರೂ ಬುದ್ಧಿವಂತೆಯರು, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಒಬ್ಬಳನ್ನೊಬ್ಬಳು ಉಳಿಸಲು ಹೋಗಿ ಇಬ್ಬರೂ ಸಾಯುವ ದಾರಿ ಹಿಡಿದಿದ್ದರು. ಬಾಯಿ ಬಿಟ್ಟರೆ ದಾಕ್ಷಿಯ ತಲೆ ಮುಟ್ಟಿದ ಪ್ರಮಾಣ. ಬಿಡದಿದ್ದರೆ ಇವರು ಮಳೆಗಾಲ ಕಾಣುವುದಿಲ್ಲ. ಹೊಸ್ತಿಲ ಬದಿಯ ತಟ್ಟೆ ಕಣ್ಣಿಗೆ ಬಿತ್ತು. ನೀರು ಸರಿದರೆ ಕಾಲು ತಾನಾಗಿ ಏಳುತ್ತದೆ ಎಂದಿದ್ದರಲ್ಲ.

"ಎದ್ದೇಳು" ಎಂದು ಮಂದಾಳ ರಟ್ಟೆ ಹಿಡಿದೆ. "ಎಲ್ಲಿಗೇ?" "ಸ್ಕೂಲಿಗೆ." "ಅಯ್ಯೋ ಬೇಡ. ನಾವು ನಡೆದ್ರೆ ಅವಳೂ ಏಳಬೇಕಾಗತ್ತೆ, ಅವಳ ಕೈಲಾಗಲ್ಲ." "ಆಗತ್ತೆ." "ನಿಂಗೇನು ಗೊತ್ತು?" "ನಾನು ಮಾತಾಡೋ ಹಾಗಿಲ್ಲ. ನಡಿ." ಚೀಲವನ್ನು ಹೆಗಲಿಗೆ ಹಾಕಿ, ಅವಳನ್ನು ಎಳೆದುಕೊಂಡೇ ಹೊರಟೆ. ಅವಳು ಬೀದಿಯುದ್ದಕ್ಕೂ ನನ್ನನ್ನು ಕತ್ತೆ ಎಂದಳು, ಹಾಸ್ಟೆಲಿನಲ್ಲಿ ಕರೆಯುತ್ತಿದ್ದ ಇನ್ನೊಂದು ಹೆಸರಿನಿಂದಲೂ ಕರೆದಳು, ಅದನ್ನು ಇಲ್ಲಿ ಬರೆಯುವುದಿಲ್ಲ. ಐದಾರು ಕಡೆ ನಿಂತು ಏದುಸಿರು ಬಿಟ್ಟಳು. ಆ ಹೊತ್ತಿಗೆ ಮೂಡಣದಲ್ಲಿ ಏನಾಯಿತು ಎಂದು ನಮ್ಮವರು ಆಮೇಲೆ ಹೇಳಿದರು: ಗಂಜಿಯ ಲೋಟ ಬಾಯಿಯ ಹತ್ತಿರ ಹೋಗುತ್ತಿದ್ದಂತೆ ದಾಕ್ಷಿ ತಟ್ಟೆ ನೋಡಿದಳು, ಲೋಟ ಇಟ್ಟಳು, ಚಪ್ಪಲಿ ಮೆಟ್ಟಿದಳು. "ಮಂದಾ ಹೊರಟ್ಲು. ಬನ್ನಿ ಭಾವ" ಎಂದಳಂತೆ. ಮಂಡಿನೋವು ಅವಳಿಗೂ ನೆನಪಿರಲಿಲ್ಲ.

ಶಾಲೆಯ ಜಗಲಿಗೆ ಈ ಕಡೆಯಿಂದ ನಾವು, ಆ ಕಡೆಯಿಂದ ಅವರು. ಇಬ್ಬರೂ ಮೆಟ್ಟಿಲ ಹತ್ತಿರ ನಿಂತುಬಿಟ್ಟರು. ಮೊದಲು ದಾಕ್ಷಿಯ ಕಣ್ಣು ತುಂಬಿತು, "ನಾನು ಹೇಳಲಿಲ್ವಾ, ನೋಡು ಹೇಗಾಗಿದಾಳೆ" ಎಂದು ನನ್ನ ಕಡೆ ತಿರುಗಿದಳು. ಅದೇ ಮಾತನ್ನು ಮಂದಾ ಆಗಲೇ ನಮ್ಮವರಿಗೆ ಹೇಳುತ್ತಿದ್ದಳು. ಇಬ್ಬರೂ ಅರ್ಧಕ್ಕೆ ನಿಲ್ಲಿಸಿದರು.

"ನಿಂಗೆ ಕಾಯಿಲೆ ತಾನೇ?" ಎಂದಳು ದಾಕ್ಷಿ.

"ನಂಗೆಂಥ ಕಾಯಿಲೆ? ಕಾಯಿಲೆ ನಿಂಗೆ."

"ನಾನು ನಿನ್ನ ನೋಡಿ ಊಟ ಬಿಟ್ಟಿದ್ದು."

"ನಾನು ನಿನ್ನ ನೋಡಿ."

ಕೆಂಚಮ್ಮ ಬೀಸುವುದನ್ನು ನಿಲ್ಲಿಸಿ ಎದ್ದಳು. ಇಬ್ಬರನ್ನೂ ಕೈಹಿಡಿದು ಶಾಲೆಯ ಅಕ್ಕಿ ತೂಗುವ ಯಂತ್ರದ ಮೇಲೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿದಳು. ಮೂವತ್ತೊಂಬತ್ತು. ಮೂವತ್ತೊಂಬತ್ತು. ಹದಿಮೂರು ಹದಿಮೂರು ಕಿಲೋ ಹಂಚಿಕೊಂಡು ಇಳಿದಿದ್ದರು, ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ. "ಮೊದ್ಲು ಶುರು ಮಾಡಿದ್ದು ಯಾರು?" ಎಂದು ಕೇಳಿದಳು, ಗುದ್ದಾಡಿದ ಮಕ್ಕಳನ್ನು ಕೇಳುವ ಹಾಗೆ. ಶಿವರಾತ್ರಿ ಕಳೆದು ವಾರಕ್ಕೆ ಮಂದಾ ಇಳಿಯಲು ಶುರು ಮಾಡಿದಳು ಎಂದು ದಾಕ್ಷಿ. ಶಿವರಾತ್ರಿಯಲ್ಲಿ ತಾನು ಗುಂಡಗಿದ್ದೆ, ಆಗಷ್ಟೇ ಈ ಕಲ್ಲು ತಂದುಕೊಟ್ಟು ಬದಲಿಗೆ ಮರಳು ಇಟ್ಟಿದ್ದೆ, ಗ್ರಾಂ ಲೆಕ್ಕ ಹಿಡಿದು ತೂಗಿದ್ದೆ ಎಂದು ಮಂದಾ.

"ಮರಳು ಎಲ್ಲಿಂದ ತಂದ್ರಿ ಟೀಚರ್?" ಎಂದಳು ಕೆಂಚಮ್ಮ.

"ದಡದಿಂದ. ಇನ್ನೆಲ್ಲಿಂದ."

"ಒದ್ದೆ ಇತ್ತಾ?"

ಮಂದಾ ಬಾಯಿ ತೆರೆದವಳು ತೆರೆದ ಹಾಗೇ ಇದ್ದಳು. ನೀರಿನಂಚಿನ ಒದ್ದೆ ಮರಳು, ಅಡುಗೆಮನೆಯ ಒಲೆಯ ಪಕ್ಕ, ದಿನಕ್ಕಿಷ್ಟು ದಿನಕ್ಕಿಷ್ಟು ಒಣಗಿತ್ತು. ಎರಡು ಕಿಲೋ ಹೋಗಿದ್ದರೆ ಹೆಚ್ಚು. ಮನುಷ್ಯರು ಮಾತ್ರ ಹಾಗೆ ಮೆಲ್ಲಗೆ ಇಳಿಯುವುದು ಎಂದಿದ್ದಳು ದಾಕ್ಷಿ. ಮರಳೂ ಇಳಿಯುತ್ತದೆ ಎಂದು ಆ ವಿಜ್ಞಾನದ ಟೀಚರಿಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು. "ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ, ಕಲ್ಲು ಕೊಟ್ಟೆ ಅಂತ?" ಎಂದು ಮಂದಾಳ ತೋಳಿಗೆ ಹೊಡೆದಳು. "ನೀನು ಕೇಳಿದ್ಯಾ?" ಎಂದು ಮಂದಾ ತಿರುಗಿ ಹೊಡೆದಳು. ಇಬ್ಬರಿಗೂ ಹೊಡೆಯುವಷ್ಟು ಬಲ ಇರಲಿಲ್ಲ. ಹೊಡೆದ ಕೈ ಹೊಡೆದಲ್ಲೇ ನಿಂತಿತು, ಹಾಗೇ ಹಿಡಿದುಕೊಂಡರು, ಜಗಲಿಯ ಮೇಲೆ ಕುಸಿದು ಕೂತು ಅತ್ತರು. ನಮ್ಮವರು ಕನ್ನಡಕ ಒರೆಸಿಕೊಳ್ಳಲು ಗಂಟೆಯ ಕಂಬದ ಹಿಂದಕ್ಕೆ ಹೋದರು. ನಾನು ಚೀಲ ಬಿಚ್ಚಿ ನಡುವೆ ಸುರಿದೆ. ಮೊದಲ ಕಡಲೆಕಾಯಿ ಒಡೆದದ್ದು ಯಾರು ಎಂದು ನೋಡಲಿಲ್ಲ. ನೋಡುವಷ್ಟರಲ್ಲಿ ಅರ್ಧ ಅಚ್ಚು ಬೆಲ್ಲ ಖಾಲಿಯಾಗಿತ್ತು. ಕೆಂಚಮ್ಮ, "ಒಂದೇ ಸಲ ಅಷ್ಟು ತಿನ್ನಬೇಡ್ರಮ್ಮ" ಎಂದು ಗದರಿ ಒಳಗೆ ಹೋಗಿ ಅನ್ನಕ್ಕಿಟ್ಟಳು. ಅಲ್ಲಿ ಎಷ್ಟು ತಿಂದರೂ ಊರು ಯಾವ ಕಡೆಗೂ ವಾಲುವುದಿಲ್ಲ.

ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ಖಾಲಿ ಚೀಲಕ್ಕೆ ನಾಲ್ಕು ಕಿಲೋ ಕಲ್ಲು ತುಂಬಿಕೊಂಡ ನನಗೆ ಪಡುವಣ ದಡದ ದೋಣಿ, ನಮ್ಮವರಿಗೆ ಮೂಡಣದ್ದು. ಗೆಳತಿಯರು ಜಗಲಿಯಲ್ಲೇ ಕೂತಿರಲಿ, ದಡದವರೆಗೆ ಬರುವುದು ಬೇಡ ಎಂದು ನಾನೇ ಹೇಳಿದೆ. ಸರಿ ಎಂದರು. ಅವರು ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ದೋಣಿ ಹತ್ತು ಮಾರು ದೂರ ಹೋದ ಮೇಲೆ ತಿರುಗಿ ನೋಡಿದೆ. ಮಂದಾ ನಿಂತಿದ್ದಳು. ಅವಳ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿಕೊಂಡು, ಮೂವತ್ತು ವರ್ಷಗಳಲ್ಲಿ ಮೊದಲ ಸಲ ಪಡುವಣ ದಡಕ್ಕೆ ಕಾಲಿಟ್ಟ ದಾಕ್ಷಿ. ಇಬ್ಬರೂ ಕೈ ಬೀಸುತ್ತಿದ್ದರು. ದಾಕ್ಷಿ ನಡುನಡುವೆ ಹಿಂದೆ ತಿರುಗಿ ಮಂದಾಳ ಮನೆಯನ್ನು, ಹಿತ್ತಿಲನ್ನು, ಬಟ್ಟೆ ಒಣಹಾಕುವ ಹಗ್ಗವನ್ನು ನೋಡುತ್ತಿದ್ದಳು. ಇನ್ನೇನು ಊರು ಈ ಕಡೆಗೆ ಜಾರುತ್ತದೆ, ಪಾತ್ರೆ ಪಡಗ ಉರುಳುತ್ತವೆ, ಜನ ಕೂಗುತ್ತಾರೆ ಎಂದು ದೋಣಿಯ ಅಂಚು ಹಿಡಿದು ಕಾದೆ. ಏನೂ ಆಗಲಿಲ್ಲ. ಕಾಣುವವರೆಗೂ ಅವರು ಅಲ್ಲೇ ನಿಂತಿದ್ದರು, ಊರೂ ನಿಂತಿತ್ತು.

ಹುಣಸೆಮರದ ಕೆಳಗೆ ನಮ್ಮವರು ನನಗಿಂತ ಮೊದಲೇ ಬಂದು ಕಾರಿನ ಬಾಗಿಲುಗಳನ್ನು ಎಳೆದು ನೋಡುತ್ತಿದ್ದರು. ಹತ್ತಿ ಕೂತು ಸುಮಾರು ದೂರ ಹೋದ ಮೇಲೆ, "ನಿನ್ನ ಕಡೆ ಕಳಿಸೋಕೆ ಯಾರು ಬಂದಿದ್ರು?" ಎಂದು ಕೇಳಿದರು. ತಾವಾಗಿ ಕೇಳುವವರಲ್ಲ.

"ಇಬ್ಬರೂ" ಎಂದೆ.

ಅವರು ಗೇರು ಬದಲಿಸಿದರು. "ಅದಕ್ಕೇ ಇರಬೇಕು. ನನ್ನ ಕಡೆ ಕೆಂಚಮ್ಮ ಬಂದಿದ್ರು. ಕೈ ಬೀಸ್ದೆ, ನನ್ನ ನೋಡಲೇ ಇಲ್ಲ. ಎರಡು ಕೈಲೂ ನೀರಿನ ತಟ್ಟೆ ಹಿಡ್ಕೊಂಡು ಅದನ್ನೇ ನೋಡ್ತಾ ಇದ್ರು. ಒಂದು ಹೆಜ್ಜೆ ಮುಂದೆ ಇಡೋರು, ಅರ್ಧ ಹೆಜ್ಜೆ ಹಿಂದೆ ಇಡೋರು."